ವಾರ್ಡ್‌ರೋಬ್ ಕೆಲಸ ಯಾರಿಗೆ ಕೊಡುವುದು: ಕೂಲಿ ಕಾರ್ಪೆಂಟರ್‌ಗೋ, ಕಂಟ್ರಾಕ್ಟರ್‌ಗೋ, ಫ್ಯಾಕ್ಟರಿಗೋ?

ಪ್ಲೈವುಡ್, ಅದರ ಮೇಲೆ ಅಂಟಿಸುವ ತೆಳು ಹಾಳೆಯಾದ ಲ್ಯಾಮಿನೇಟ್, ಹಾರ್ಡ್‌ವೇರ್ ಎಲ್ಲ ನಾವೇ ತಂದುಕೊಟ್ಟು ಕಾರ್ಪೆಂಟರ್‌ಗೆ ಕೂಲಿ ಮಾತ್ರ ಕೊಡುವ ಲೇಬರ್ ಕಂಟ್ರಾಕ್ಟ್‌ಗೇ ನನ್ನ ಓಟು. ಬೆಂಗಳೂರಿನಲ್ಲಿ ಮೂರೂ ರೀತಿ ಮಾಡಿಸಿ ನೋಡಿಯೇ ಹೇಳುತ್ತಿದ್ದೇನೆ. ಉಳಿದೆರಡು ಕೆಟ್ಟವೇನಲ್ಲ, ಆದರೆ ಕೊಟ್ಟ ದುಡ್ಡಿಗೆ ಒಳಗೆ ಏನು ಹಾಕಿದರು ಅನ್ನುವುದು ಕೊನೆಯವರೆಗೂ ಗೊತ್ತಿರುವುದು ಇದೊಂದರಲ್ಲೇ.

ಮೆಟೀರಿಯಲ್ ಸಮೇತ ಒಪ್ಪಿಕೊಳ್ಳುವ ಕಂಟ್ರಾಕ್ಟರ್ ಕೊಟೇಶನ್‌ನಲ್ಲಿ ‘19 ಎಂಎಂ ಬ್ರಾಂಡೆಡ್ ಪ್ಲೈ’ ಅಂತ ಬರೆದಿರುತ್ತಾರೆ. ಅಷ್ಟು ಸಾಲದು. ಅಡುಗೆಮನೆಗೆ ಐಎಸ್ 710 (ಮರೈನ್ ಪ್ಲೈನ ಭಾರತೀಯ ಮಾನದಂಡ), ಮಲಗುವ ಕೋಣೆಗೆ ಐಎಸ್ 303ರ (ಸಾಮಾನ್ಯ ಬಳಕೆಯ ಪ್ಲೈನ ಮಾನದಂಡ) ಬಿಡಬ್ಲ್ಯುಆರ್, ಅಂದರೆ ಕುದಿನೀರು ತಡೆಯುವ ದರ್ಜೆ, ಹಿಂಬದಿಗೆ ಇಷ್ಟು ಎಂಎಂ ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಐಎಸ್‌ಐ ಗುರುತಿರುವ ಶೀಟಿನ ಮೇಲೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ಕಂಪನಿಯದು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಇದನ್ನು ನೋಡುವುದು ಶೀಟು ಮನೆಗೆ ಬಂದ ದಿನವೇ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಯಾವ ಪ್ಲೈ ಇದೆ ಅಂತ ಯಾರಿಗೂ ಕಾಣುವುದಿಲ್ಲ. ಬಾಗಿಲಿಗೆ ಒಳ್ಳೆ ಪ್ಲೈ, ಒಳಗಿನ ಬಾಕ್ಸಿಗೆ ಕಳಪೆ ಪ್ಲೈ ಹಾಕುವುದು ತುಂಬಾ ನಡೆಯುತ್ತದೆ.

ನಿಜವಾದ ತಲೆನೋವು ಅಳತೆಯದು. ದರವನ್ನು ಸಾಮಾನ್ಯವಾಗಿ ಚದರಡಿಗೆ ಹೇಳುತ್ತಾರೆ. ಆದರೆ ಯಾವ ಚದರಡಿ? 6 ಅಡಿ ಅಗಲ, 7 ಅಡಿ ಎತ್ತರದ ವಾರ್ಡ್‌ರೋಬ್, ಮೇಲೆ 2 ಅಡಿಯ ಲಾಫ್ಟ್ ಅಂದುಕೊಳ್ಳಿ. ಎದುರಿಂದ ಅಳೆದರೆ 42ಕ್ಕೆ 12 ಸೇರಿ 54 ಚದರಡಿ. ಮಾತುಕತೆಯಾಗುವಾಗ ಎಲ್ಲರ ಬಾಯಲ್ಲೂ ಇದೇ ಲೆಕ್ಕ. ಬಿಲ್ ಬರೆಯುವಾಗ ಹೊರಗೆ ಕಾಣುವ ಪಕ್ಕದ ಹಲಗೆ, 9 ಅಡಿಗೆ 2 ಅಡಿ, ಇನ್ನೊಂದು 18 ಚದರಡಿಯಾಗಿ ಬಂದು ಕೂರುತ್ತದೆ. ಕೂಲಿ ಚದರಡಿಗೆ 400 ರೂಪಾಯಿ ಅಂತ ಇಟ್ಟುಕೊಂಡರೆ 21,600ರ ಕೆಲಸ 28,800 ಆಯಿತು. ಮೆಟೀರಿಯಲ್ ಸಮೇತ 1,500 ದರವಿದ್ದರೆ ಆ ಒಂದು ಹಲಗೆಗೇ 27,000. ಒಳಗಿನ ಡ್ರಾಯರ್‌ಗಳ ಲೆಕ್ಕ ಇನ್ನೂ ಬಂದಿಲ್ಲ.

ಇದನ್ನು ಮೋಸ ಅಂತ ನಾನು ಕರೆಯುವುದಿಲ್ಲ. ಪಕ್ಕದ ಹಲಗೆಗೂ ಲ್ಯಾಮಿನೇಟ್ ಅಂಟಿಸಬೇಕು, ಅಂಚು ಉಜ್ಜಬೇಕು, ಕೆಲಸ ಇದ್ದೇ ಇದೆ. ಮೊದಲೇ ಹೇಳದೆ ಕೊನೆಗೆ ಸೇರಿಸುವುದು ತಪ್ಪು. ಹಾಗಾಗಿ ಮುಂಗಡ ಕೊಡುವ ಮುಂಚೆ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ: ಅಳತೆ ಮುಂಭಾಗದ್ದು ಮಾತ್ರವೇ, ಪಕ್ಕದ ಹಲಗೆಗೆ ಎಷ್ಟು, ಡ್ರಾಯರ್ ಒಂದಕ್ಕೆ ಎಷ್ಟು, ಬಾಕ್ಸ್ ಇಲ್ಲದೆ ಬರೀ ಫ್ರೇಮು-ಬಾಗಿಲಿನ ಲಾಫ್ಟ್ ಆದರೆ ದರ ಎಷ್ಟು ಕಡಿಮೆ.

ಅಳತೆಯನ್ನು ಇಂಚಿನಲ್ಲೇ ಬರೆಸಿ. 6 ಅಡಿ 9 ಇಂಚನ್ನು 6.9 ಅಂತ ಬರೆದು ಗುಣಿಸುವವರು ಬಹಳ ಜನ. ಅದು 6.75 ಆಗಬೇಕು. ಅಗಲ, ಎತ್ತರ ಎರಡನ್ನೂ ಇಂಚಿನಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಚದರಡಿ ಸರಿಯಾಗಿ ಬರುತ್ತದೆ, ವಾದಕ್ಕೆ ಜಾಗವೇ ಇರುವುದಿಲ್ಲ.

ಲೇಬರ್ ಕಂಟ್ರಾಕ್ಟ್‌ನಲ್ಲಿ ದುಡ್ಡು ಪೋಲಾಗುವ ಜಾಗ ಬೇರೆ, ಶೀಟು ಕತ್ತರಿಸುವಲ್ಲಿ. 8×4 ಅಡಿಯ ಶೀಟಿನ ಅಗಲ 1220 ಮಿ.ಮೀ. ವಾರ್ಡ್‌ರೋಬಿನ ಆಳ ಸರಿಯಾಗಿ 24 ಇಂಚು ಬೇಕು ಎಂದು ಹಟ ಹಿಡಿದರೆ ಎರಡು ಹಲಗೆಗೆ 1219 ಮಿ.ಮೀ. ಹೋಯಿತು. ಬ್ಲೇಡು ತಿನ್ನುವುದೇ ಸುಮಾರು 3 ಮಿ.ಮೀ. ಎರಡನೇ ಹಲಗೆ ಗಿಡ್ಡವಾಗಿ, ಇನ್ನೊಂದು ಶೀಟು ಒಡೆಯಬೇಕಾಗುತ್ತದೆ. ಆಳ 23½ ಇಂಚು ಎಂದರೆ ಒಂದು ಶೀಟಿನಲ್ಲಿ ಎರಡು ಹಲಗೆ ನೆಮ್ಮದಿಯಾಗಿ ಬರುತ್ತವೆ, ಅಂಚು ನೇರ ಮಾಡಲೂ ಜಾಗ ಉಳಿಯುತ್ತದೆ. 6 ಅಡಿಗೆ 18 ಇಂಚಿನ ನಾಲ್ಕು ಬಾಗಿಲಾದರೆ ಶೀಟಿಗೆ ಎರಡು ಬಾಗಿಲು ಬಂದು ಸುಮಾರು 12 ಇಂಚಿನ ಪಟ್ಟಿ ಉಳಿಯುತ್ತದೆ. ಅದು ಡ್ರಾಯರಿನ ಪಕ್ಕಗಳಿಗೆ, ಕೆಳಗಿನ ಸ್ಕರ್ಟಿಂಗಿಗೆ ಆಗುತ್ತದೆ. ಕಾರ್ಪೆಂಟರ್ ಹತ್ತಿರ ಕೂತು ಪ್ರತಿ ಶೀಟಿನ ಚಿತ್ರ ಹಾಕಿಸಿ, ಆಮೇಲೆ ಅಂಗಡಿಗೆ ಹೋಗಿ. ‘ಸರ್, ಒಂದೆರಡು ಶೀಟು ಜಾಸ್ತಿ ಇರಲಿ’ ಅನ್ನುವವರಿಗೆ ಆ ಚಿತ್ರವೇ ಉತ್ತರ. ಕೆಲಸ ಗೊತ್ತಿರುವ ಕಾರ್ಪೆಂಟರ್ ಆ ಚಿತ್ರವನ್ನು ಖುಷಿಯಿಂದ ಹಾಕಿಕೊಡುತ್ತಾರೆ. ಯಾರಿಗೆ ಕೆಲಸ ಕೊಡಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆ ಪರೀಕ್ಷೆ ಸಿಕ್ಕಿಲ್ಲ.

ಬಾಗಿಲಿನ ಹೊರಗೆ 1 ಎಂಎಂ ಲ್ಯಾಮಿನೇಟ್ ಅಂಟಿಸಿ ಒಳಗೆ ಬರಿದೇ ಬಿಟ್ಟರೆ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಎರಡು ಮುಖಗಳೂ ತೇವವನ್ನು ಒಂದೇ ಸಮ ಎಳೆದುಕೊಳ್ಳದಿರುವುದೇ ಕಾರಣ. ಒಳಗೆ ತೆಳುವಾದದ್ದಾದರೂ ಹಾಕಿಸಿ. 7 ಅಡಿಯ ಬಾಗಿಲಿಗೆ ಹಿಂಜು ನಾಲ್ಕಕ್ಕಿಂತ ಕಡಿಮೆ ಬೇಡ.

ಫ್ಯಾಕ್ಟರಿಯವರು ಗೆಲ್ಲುವುದು ಅಂಚಿನಲ್ಲಿ. ಹಲಗೆಯ ಅಂಚು ಮುಚ್ಚುವ ಪಟ್ಟಿ, ಅಂದರೆ ಎಡ್ಜ್ ಬ್ಯಾಂಡು, ಮೆಷಿನ್ನಿನ ಬಿಸಿ ಅಂಟಿನಲ್ಲಿ ಕೂತರೆ ಗಟ್ಟಿ; ಕೈಯಲ್ಲಿ ಅಂಟಿಸಿದ್ದು ಸಿಂಕಿನ ಕೆಳಗೆ, ಒಲೆಯ ಪಕ್ಕ ಬೇಗ ಬಿಟ್ಟುಕೊಳ್ಳುತ್ತದೆ. ಕತ್ತರಿಸಿದ ಅಂಚಿನಲ್ಲಿ ಲ್ಯಾಮಿನೇಟ್ ಚೂರು ಎದ್ದಿರುವುದಿಲ್ಲ. ಮನೆಯಲ್ಲಿ ಧೂಳೂ ಇಲ್ಲ. ಆದರೆ ಕಡಿಮೆ ದರದ ಪ್ಯಾಕೇಜುಗಳ ಬಾಕ್ಸು ಎಷ್ಟೋ ಸಲ ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆಯದು. ಹಿಂಜಿನ ಸ್ಕ್ರೂ ಒಮ್ಮೆ ಸಡಿಲವಾದರೆ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದಿಲ್ಲ, ನೀರು ಬಿದ್ದರೆ ಉಬ್ಬುತ್ತದೆ. ಹಳೆಯ ಮನೆಯ ಗೋಡೆ ನೆಟ್ಟಗೆ ಇರುವುದಿಲ್ಲ. ಕಾರ್ಪೆಂಟರ್ ಆದರೆ ಹಲಗೆಯನ್ನೇ ಗೋಡೆಯ ಓರೆಗೆ ಹೊಂದಿಸಿ ಕೆತ್ತುತ್ತಾರೆ. ಫ್ಯಾಕ್ಟರಿ ಬಾಕ್ಸಿನ ಪಕ್ಕ ಸಂದು ಮುಚ್ಚುವ ಅಗಲವಾದ ಫಿಲ್ಲರ್ ಪಟ್ಟಿ ಬೀಳುತ್ತದೆ.

ದಿನಗೂಲಿ ರಿಪೇರಿಗೆ ಮಾತ್ರ: ಮಳೆಗಾಲದಲ್ಲಿ ಬಿಗಿಯಾದ ಬಾಗಿಲು ಕೀಸಲು, ಬೀಗ ಬದಲಿಸಲು.

ನನ್ನಲ್ಲಿ ಒಟ್ಟಿಗೆ ಸುರಿಯುವಷ್ಟು ದುಡ್ಡು ಇರುವುದಿಲ್ಲ. ಒಂದು ಕೋಣೆ ಮುಗಿಸಿ, ಉಸಿರು ಬಿಟ್ಟು, ಇನ್ನೊಂದಕ್ಕೆ ಕೈ ಹಾಕುವುದು ನನ್ನ ಕ್ರಮ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆ ಹೋಗಿ ನಾಲ್ಕು ಅಂಗಡಿ ವಿಚಾರಿಸಲು ಬೇಸರವೂ ಇಲ್ಲ. ಅದಕ್ಕೆ ಲೇಬರ್ ಕಂಟ್ರಾಕ್ಟ್ ಹೊಂದುತ್ತದೆ. ಸಿಂಕಿನ ಕೆಳಗಿನ ಬಾಕ್ಸುಗಳಿಗೆ ಮಾತ್ರ ಪ್ಲೈ ಬಾಕ್ಸು ಮಾಡಿಕೊಡುವ ಫ್ಯಾಕ್ಟರಿ ಹುಡುಕುತ್ತೇನೆ. ಅಮೆರಿಕದಲ್ಲೋ ದುಬೈಯಲ್ಲೋ ಕೂತು ಇಲ್ಲಿನ ಫ್ಲ್ಯಾಟು ಮಾಡಿಸುವವರು ಲೇಬರ್ ಕೆಲಸಕ್ಕೆ ಇಳಿಯಬೇಡಿ. ಮಧ್ಯೆ ಬೇರೆ ಸೈಟಿಗೆ ಹೋದ ಕಾರ್ಪೆಂಟರನ್ನು ವಾಪಸ್ ಕರೆತರಲು ಮನೆಯವರೇ ಇಲ್ಲಿರಬೇಕು.

ಕೂಲಿ ನಾಲ್ಕು ಕಂತಿರಲಿ: ಶುರುವಿಗೆ ಸ್ವಲ್ಪ, ಬಾಕ್ಸು ನಿಂತಾಗ, ಬಾಗಿಲು ಕೂತಾಗ, ಉಳಿದದ್ದು ಬಾಗಿಲುಗಳ ನಡುವಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಬಂದು ಡ್ರಾಯರುಗಳು ಉಜ್ಜದೆ ಓಡಿದ ಮೇಲೆ. ಉಳಿದ ಲ್ಯಾಮಿನೇಟಿನ ಒಂದು ದೊಡ್ಡ ತುಂಡಿನ ಹಿಂದೆ ಶೇಡ್ ನಂಬರ್ ಬರೆದು ಲಾಫ್ಟ್‌ನಲ್ಲಿ ಎತ್ತಿಡಿ, ಮುಂದೆ ಒಂದು ಬಾಗಿಲು ಕೆಟ್ಟರೆ ಬಣ್ಣ ಹೊಂದಿಸಲು ಬೇಕಾಗುತ್ತದೆ.