ನೂರು ಡಾಲರ್ ಇಳಿದ ಪಿಎಸ್3 ಸ್ಲಿಮ್: ಉಳಿದದ್ದೇನು, ಹೋದದ್ದೇನು

ಕನ್ಸೋಲ್ ಬೆಲೆ ಇಳಿಯಿತು ಎಂದ ಕೂಡಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಕಂಪನಿ ಆ ದುಡ್ಡನ್ನು ಎಲ್ಲಿಂದ ಉಳಿಸಿತು? ಚಿಪ್ ಚಿಕ್ಕದಾಗಿ ತಯಾರಿಕೆಯ ಖರ್ಚು ತಗ್ಗಿದ್ದರೆ ಲಾಭ ನಮಗೂ ಸಿಗುತ್ತದೆ. ಒಳಗಿನ ಸೌಲಭ್ಯಗಳನ್ನು ಕಿತ್ತು ಇಳಿಸಿದ್ದರೆ ಹೆಸರು ಹಳೆಯದು, ಯಂತ್ರ ಬೇರೆ. ಸೋನಿಯ ಗೇಮ್ ಕನ್ಸೋಲ್ ಪಿಎಸ್3 (ಪ್ಲೇಸ್ಟೇಷನ್ 3) ಮೂರೇ ವರ್ಷಗಳಲ್ಲಿ ಈ ಎರಡೂ ದಾರಿಗಳನ್ನು ತುಳಿಯಿತು. ಇವತ್ತು ಸೆಕೆಂಡ್‌ಹ್ಯಾಂಡ್ ಪಿಎಸ್3 ಹುಡುಕುವವರಿಗೆ ಆ ವ್ಯತ್ಯಾಸ ಗೊತ್ತಿರಲೇಬೇಕು.

2006ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಪಿಎಸ್3 ಬಂದಾಗ 20 ಜಿಬಿ ಮಾದರಿಗೆ 499 ಡಾಲರ್, 60 ಜಿಬಿಗೆ 599. ಒಂದು ವರ್ಷ ಮೊದಲೇ ಅಂಗಡಿ ಸೇರಿದ್ದ ಎಕ್ಸ್‌ಬಾಕ್ಸ್ 360ರ ಬೆಲೆ 299ರಿಂದ ಶುರುವಾಗುತ್ತಿತ್ತು, ನಿಂಟೆಂಡೊ ವೀ 249ಕ್ಕೇ ಸಿಗುತ್ತಿತ್ತು. ಇಷ್ಟು ದುಬಾರಿಯಾಗಿದ್ದೂ ಸೋನಿಗೆ ನಷ್ಟವೇ. ಐಸಪ್ಲೈ ಸಂಸ್ಥೆ ಯಂತ್ರವನ್ನು ಬಿಚ್ಚಿ ಲೆಕ್ಕ ಹಾಕಿದಾಗ 60 ಜಿಬಿ ಮಾದರಿಯ ತಯಾರಿಕೆಗೇ ಸುಮಾರು 840 ಡಾಲರ್ ತಗಲುತ್ತಿತ್ತು. ಬ್ಲೂ-ರೇ ಡ್ರೈವ್, ಸೆಲ್ ಪ್ರೊಸೆಸರ್, ಹಳೆಯ ಪಿಎಸ್2 ಆಟಗಳಿಗಾಗಿಯೇ ಸೇರಿಸಿದ ಪ್ರತ್ಯೇಕ ಚಿಪ್‌ಗಳು, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿದ್ದವು.

ಒಂದು ವರ್ಷದ ನಂತರ, 2007ರ ನವೆಂಬರ್‌ನಲ್ಲಿ, 399 ಡಾಲರಿನ 40 ಜಿಬಿ ಮಾದರಿ ಬಂತು. ಇದು ಮುಖ್ಯವಾಗಿ ಕಿತ್ತುಹಾಕಿ ಇಳಿಸಿದ ಬೆಲೆ. ಪಿಎಸ್2 ಆಟಗಳು ಓಡುವುದು ನಿಂತಿತು, ಯುಎಸ್‌ಬಿ ಪೋರ್ಟ್ ನಾಲ್ಕರಿಂದ ಎರಡಕ್ಕಿಳಿಯಿತು, ಮೆಮೊರಿ ಕಾರ್ಡ್ ರೀಡರ್ ಹೋಯಿತು, ಸೂಪರ್ ಆಡಿಯೊ ಸಿಡಿ ಹಾಕಿದರೆ ಕೇಳದಾಯಿತು. ಸೆಲ್ ಚಿಪ್ 90ರಿಂದ 65 ನ್ಯಾನೊಮೀಟರಿಗೆ ಇಳಿದದ್ದು ನಿಜ (ಈ ಅಂಕಿ ಇಳಿದಷ್ಟೂ ಚಿಪ್ ಚಿಕ್ಕದು, ಬಿಸಿ ಕಡಿಮೆ), ಗ್ರಾಫಿಕ್ಸ್ ಚಿಪ್ ಆರ್‌ಎಸ್‌ಎಕ್ಸ್ ಮಾತ್ರ ಆಗಿನ್ನೂ 90ರಲ್ಲೇ ಇತ್ತು. ಹಳೆಯ ದಪ್ಪ ಪಿಎಸ್3ಗಳು ಹಳದಿ ದೀಪ ಹೊತ್ತಿಸಿ ಕೈಕೊಡುವ ಕಾಯಿಲೆಯಲ್ಲಿ ಈ ಬಿಸಿ ಚಿಪ್‌ಗೆ ದೊಡ್ಡ ಪಾಲಿದೆ.

ನಿಜವಾದ ಇಳಿಕೆ 2009ರದ್ದು. ಆಗಸ್ಟ್ 18ರಂದು ಸೋನಿ ಸ್ಲಿಮ್ ಮಾದರಿಯನ್ನು ಪ್ರಕಟಿಸಿತು: 120 ಜಿಬಿ, 299 ಡಾಲರ್. ಒತ್ತಡ ಹೊರಗಿನಿಂದಲೂ ಇತ್ತು. ಬೆಲೆ ಇಳಿಸದಿದ್ದರೆ ಸೋನಿಯ ಯಂತ್ರಗಳಿಗೆ ಆಟ ತಯಾರಿಸುವುದನ್ನೇ ತಾವು ನಿಲ್ಲಿಸಬೇಕಾದೀತು ಎಂದು ಆಟಗಳ ಪ್ರಕಾಶಕ ಸಂಸ್ಥೆ ಆಕ್ಟಿವಿಷನ್‌ನ ಮುಖ್ಯಸ್ಥ ಬಾಬಿ ಕೋಟಿಕ್ ಆ ಜೂನ್‌ನಲ್ಲಿ ಬಹಿರಂಗವಾಗಿಯೇ ಹೇಳಿದ್ದರು. ಸ್ಲಿಮ್‌ನ ಸೆಲ್ 45 ನ್ಯಾನೊಮೀಟರಿನದು. ವಿದ್ಯುತ್ ಬಳಕೆ ಸೋನಿಯ ಲೆಕ್ಕದಲ್ಲಿ 34 ಶೇಕಡ ಕಡಿಮೆ. ಬಿಸಿ ಕಡಿಮೆಯಾದ್ದರಿಂದ ಅದನ್ನು ಹೊರಹಾಕುವ ಹೀಟ್‌ಸಿಂಕ್ ಚಿಕ್ಕದಾಯಿತು, ಪವರ್ ಸಪ್ಲೈ 380 ವ್ಯಾಟಿನಿಂದ 250ಕ್ಕಿಳಿಯಿತು, ಸುಮಾರು 5 ಕಿಲೋ ಇದ್ದ ಯಂತ್ರ 3.2 ಕಿಲೋಗೆ ಬಂತು. ಒಂದು ಇಳಿದರೆ ಅದರ ಹಿಂದೆ ಇನ್ನೊಂದು ಇಳಿಯುವ ಈ ಸರಪಳಿಯೇ ಅಗ್ಗವಾಗುವ ಒಳ್ಳೆಯ ದಾರಿ. ಆದರೂ ಆ ಡಿಸೆಂಬರ್‌ನ ಐಸಪ್ಲೈ ಲೆಕ್ಕದಲ್ಲಿ ತಯಾರಿಕೆಯ ಖರ್ಚು 336 ಡಾಲರ್; ಅಂದರೆ ಸೋನಿ ಪ್ರತಿ ಪೆಟ್ಟಿಗೆಗೆ 37 ಡಾಲರ್ ಕೈಯಿಂದ ಹಾಕುತ್ತಿತ್ತು. ಆ ನಷ್ಟವನ್ನು ತುಂಬಬೇಕಾದದ್ದು ಪ್ರತಿ ಆಟದ ಮೇಲೆ ಪ್ರಕಾಶಕರಿಂದ ಬರುವ ರಾಯಲ್ಟಿ.

ಎದುರಾಳಿಗಳೂ ಒಂದೂವರೆ ತಿಂಗಳೊಳಗೆ ಬೆಲೆ ಇಳಿಸಿದರು. ಆಗಸ್ಟ್ 28ರಂದು ಎಕ್ಸ್‌ಬಾಕ್ಸ್ 360 ಎಲೀಟ್ 399ರಿಂದ 299ಕ್ಕೆ ಬಂತು. ಪೆಟ್ಟಿಗೆಯ ಮೇಲಿನ ಬೆಲೆ ಪಿಎಸ್3ಯಷ್ಟೇ, ಒಟ್ಟು ಖರ್ಚು ಹಾಗಲ್ಲ. ಎಲೀಟ್‌ನಲ್ಲಿ ವೈ-ಫೈ ಇರಲಿಲ್ಲ, ಅಡಾಪ್ಟರ್‌ಗೆ 80ರಿಂದ 100 ಡಾಲರ್ ಬೇರೆ. ಆನ್‌ಲೈನ್ ಆಡಲು ಗೋಲ್ಡ್ ಚಂದಾ ಆಗ ವರ್ಷಕ್ಕೆ 50 ಡಾಲರ್. ಕಂಟ್ರೋಲರ್ ಓಡುವುದು ಎರಡು ಎಎ ಸೆಲ್‌ಗಳ ಮೇಲೆ. ಎರಡು ವರ್ಷದ ಲೆಕ್ಕ ಹಾಕಿದರೆ 500 ಡಾಲರಿನ ಹತ್ತಿರ ಬರುತ್ತದೆ. ಸ್ಲಿಮ್‌ನಲ್ಲಿ ವೈ-ಫೈ ಒಳಗೇ ಇದೆ, ಆನ್‌ಲೈನ್ ಆಟ ಉಚಿತ, ಡ್ಯುಯಲ್‌ಶಾಕ್ 3 ಕಂಟ್ರೋಲರ್ ಮಿನಿ ಯುಎಸ್‌ಬಿ ಕೇಬಲ್‌ನಲ್ಲಿ ಚಾರ್ಜ್ ಆಗುತ್ತದೆ. ವೀ ಸೆಪ್ಟೆಂಬರ್ 27ರಂದು 199ಕ್ಕಿಳಿಯಿತು. ಮೊದಲ ದಿನದಿಂದಲೂ ಲಾಭದಲ್ಲೇ ಮಾರುತ್ತಿದ್ದ ನಿಂಟೆಂಡೊ ತನ್ನ ಲಾಭದಲ್ಲಿ 50 ಡಾಲರ್ ಬಿಟ್ಟುಕೊಟ್ಟಿತು, ಯಂತ್ರದಲ್ಲಿ ಏನನ್ನೂ ಬದಲಿಸಲಿಲ್ಲ. 480ಪಿ ದಾಟದ, ಎಚ್‌ಡಿ ಅಲ್ಲದ ಚಿತ್ರವೂ ಹಾಗೇ ಉಳಿಯಿತು. ಆ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮಾರಾಟದಲ್ಲಿ ಪಿಎಸ್3 ಮೊದಲ ಬಾರಿಗೆ ಎರಡನ್ನೂ ಹಿಂದಿಕ್ಕಿತು.

ಇನ್ನು ಸ್ಲಿಮ್‌ನಲ್ಲಿ ಹೋದದ್ದೇನು ಎಂದು ನೋಡೋಣ. ಲಿನಕ್ಸ್ ಹಾಕಿಕೊಳ್ಳುವ ಅದರ್ ಓಎಸ್ ಸೌಲಭ್ಯ ತೆಗೆದರು. 2010ರ ಏಪ್ರಿಲ್ 1ರ 3.21 ಅಪ್‌ಡೇಟ್‌ನಲ್ಲಿ ಹಳೆಯ ಯಂತ್ರಗಳಿಂದಲೂ ಅದನ್ನು ಕಿತ್ತರು. ಕೊಟ್ಟ ಮೇಲೆ ಕಿತ್ತುಕೊಳ್ಳುವುದು ಗ್ರಾಹಕರಿಗೆ ಮಾಡಿದ ಅನ್ಯಾಯವೇ. ಹಿಂಬದಿಯ ಪವರ್ ಸ್ವಿಚ್ ಇಲ್ಲ, ಉದ್ದಕ್ಕೆ ನಿಲ್ಲಿಸುವ ಸ್ಟ್ಯಾಂಡ್ ಬೇರೆ ಕೊಳ್ಳಬೇಕು, ಪೆಟ್ಟಿಗೆಯಲ್ಲಿ ಎಚ್‌ಡಿಎಂಐ ಕೇಬಲ್ ಇಡಲಿಲ್ಲ. ಬದಲಿಗೆ ಸಿಕ್ಕ ಒಂದು ಒಳ್ಳೆಯ ಸಂಗತಿಯನ್ನು ಬಹಳ ಜನ ಗಮನಿಸಲೇ ಇಲ್ಲ: ಬ್ಲೂ-ರೇ ಸಿನಿಮಾಗಳ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಶಬ್ದವನ್ನು ಎಚ್‌ಡಿಎಂಐ ಮೂಲಕ ಹಾಗೆಯೇ ಹೋಮ್ ಥಿಯೇಟರ್ ರಿಸೀವರ್‌ಗೆ ಕಳಿಸುತ್ತದೆ. ದಪ್ಪ ಮಾದರಿಗಳು ಅದನ್ನು ಒಳಗೇ ಬಿಡಿಸಿ ಕಳಿಸುತ್ತಿದ್ದವು.

ಕೊಳ್ಳುವಾಗ ಹಿಂಬದಿಯ ಸ್ಟಿಕರ್‌ನಲ್ಲಿ ಮಾದರಿ ಸಂಖ್ಯೆ ಓದಿ. 2000 ಸರಣಿಯಲ್ಲಿ ಆರ್‌ಎಸ್‌ಎಕ್ಸ್ 65 ನ್ಯಾನೊಮೀಟರಿನದು. 2010ರ 2100 ಸರಣಿಯಿಂದ ಅದು 40ಕ್ಕಿಳಿದು ಇನ್ನಷ್ಟು ತಣ್ಣಗಾಯಿತು. 2500 ಸರಣಿ 160 ಮತ್ತು 320 ಜಿಬಿಯಲ್ಲಿ ಬಂತು. 3000 ಸರಣಿಯಲ್ಲಿ ಬ್ಲೂ-ರೇ ಸಿನಿಮಾ ಎಚ್‌ಡಿಯಲ್ಲಿ ಕಾಣುವುದು ಎಚ್‌ಡಿಎಂಐನಲ್ಲಿ ಮಾತ್ರ. ಹಳೆಯ ಟಿವಿಗೆ ಕಾಂಪೊನೆಂಟ್ ಕೇಬಲ್ ಜೋಡಿಸುವವರು ಇದನ್ನು ಬಿಡಬೇಕು. ನಮ್ಮ ಆಯ್ಕೆ 2100 ಅಥವಾ 2500.

ಡ್ರೈವ್ ಪರೀಕ್ಷಿಸಲು ಒಂದು ಪಿಎಸ್3 ಆಟದ ಬ್ಲೂ-ರೇ ಡಿಸ್ಕ್, ಒಂದು ಡಿವಿಡಿ ಎರಡೂ ಬೇಕು. ಬ್ಲೂ-ರೇಗೆ ನೀಲಿ ಲೇಸರ್, ಡಿವಿಡಿಗೆ ಕೆಂಪು. ಒಂದು ಸತ್ತು ಇನ್ನೊಂದು ಚೆನ್ನಾಗಿರುವುದು ಮಾಮೂಲು. ಡಿವಿಡಿ ಮಾತ್ರ ಓಡಿಸಿ ತೋರಿಸುವ ಮಾರಾಟಗಾರರಿಗೆ ಆಟದ ಡಿಸ್ಕೂ ಹಾಕಿಸಿ ತೋರಿಸಲು ಹೇಳಿ. ಲೇಸರ್ ಬದಲಿಸಬಹುದು. ಇಡೀ ಡ್ರೈವ್ ಬದಲಿಸುವುದಾದರೆ, ಮೂಲ ಡ್ರೈವ್‌ನಲ್ಲಿ ಸರ್ಕಿಟ್ ಬೋರ್ಡ್ ಇದ್ದರೆ ಅದನ್ನು ಉಳಿಸಿಕೊಳ್ಳಲೇಬೇಕು. ಅದು ಮದರ್‌ಬೋರ್ಡ್‌ಗೆ ಜೋಡಿ ಮಾಡಿದ್ದು, ಬೇರೆಯದನ್ನು ಹಾಕಿದರೆ ಆಟದ ಡಿಸ್ಕ್ ಓದುವುದಿಲ್ಲ. ಭಾರಿ ಆಟವೊಂದನ್ನು ಅರ್ಧ ಗಂಟೆ ಓಡಿಸಿ ನೋಡಿ. ಫ್ಯಾನ್ ಐದು ನಿಮಿಷಕ್ಕೇ ಜೋರಾಗಿ ಕಿರುಚಿದರೆ ಒಳಗೆ ಧೂಳು ತುಂಬಿದೆ ಅಥವಾ ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದೆ. ತಾರೀಖು ಪ್ರತಿ ಸಲ ಹಿಂದಕ್ಕೆ ಹೋದರೆ ಒಳಗಿನ ಸಿಆರ್2032 ಬ್ಯಾಟರಿ ಮುಗಿದಿದೆ, ಬೆಲೆ ಚೌಕಾಸಿಗೆ ಅಷ್ಟು ದೊಡ್ಡ ಕಾರಣವಲ್ಲ.

ಹಾರ್ಡ್‌ಡಿಸ್ಕ್ ವಿಷಯದಲ್ಲಿ ಸೋನಿಗೆ ಪೂರ್ತಿ ಅಂಕ ಕೊಡಬೇಕು. ಎಕ್ಸ್‌ಬಾಕ್ಸ್ 360ಗೆ ಮೈಕ್ರೊಸಾಫ್ಟ್‌ನದೇ ದುಬಾರಿ ಡ್ರೈವ್ ಬೇಕು. ಪಿಎಸ್3ಗೆ ಲ್ಯಾಪ್‌ಟಾಪ್‌ಗೆ ಹಾಕುವ 2.5 ಇಂಚಿನ, 9.5 ಮಿಲಿಮೀಟರ್ ದಪ್ಪದ ಮಾಮೂಲಿ ಸಾಟಾ ಡ್ರೈವ್ ಸಾಕು. ಮೊದಲು ಸಿಸ್ಟಮ್ ಸೆಟ್ಟಿಂಗ್ಸ್‌ನ ಬ್ಯಾಕಪ್ ಯುಟಿಲಿಟಿಯಲ್ಲಿ ಡೇಟಾವನ್ನು ಹೊರಗಿನ ಫ್ಯಾಟ್32 ಡ್ರೈವ್‌ಗೆ ನಕಲು ಮಾಡಿಕೊಳ್ಳಿ. ಕರೆಂಟ್ ಕಿತ್ತು, ತಳದ ನೀಲಿ ಸ್ಕ್ರೂ ಬಿಚ್ಚಿ, ಮುಚ್ಚಳ ಸರಿಸಿ, ಲೋಹದ ಹಿಡಿ ಹಿಡಿದು ಟ್ರೇ ಎಳೆಯಿರಿ. ಡ್ರೈವನ್ನು ಟ್ರೇಗೆ ಬಿಗಿದಿರುವ ನಾಲ್ಕು ಸ್ಕ್ರೂಗಳಲ್ಲೇ ಕೆಲಸ ಕೆಡುವುದು. ಅವು ಮೆದು ಲೋಹದವು, ಬಿಗಿಯಾಗಿರುತ್ತವೆ. ಚಿಕ್ಕ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ಹೋಗುತ್ತದೆ. ಸರಿಯಾದ ಅಳತೆಯದನ್ನು ಮೇಲಿನಿಂದ ಒತ್ತಿ ಹಿಡಿದು ತಿರುಗಿಸಿ. ಹೊಸ ಡ್ರೈವ್ ಹಾಕಿದ ಮೇಲೆ ಯಂತ್ರ ಸಿಸ್ಟಮ್ ಸಾಫ್ಟ್‌ವೇರ್ ಕೇಳುತ್ತದೆ. ಸೋನಿಯ ತಾಣದಿಂದ ಇಳಿಸಿದ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಪಿಎಸ್3 ಎಂಬ ಫೋಲ್ಡರಿನೊಳಗೆ ಅಪ್‌ಡೇಟ್ ಎಂಬ ಫೋಲ್ಡರಿನಲ್ಲಿ ಇಡಬೇಕು, ಎರಡೂ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲಿ. ಫೈಲಿನ ಹೆಸರು ಬದಲಿಸಬೇಡಿ. ಎರಡು ಸಲ ಇಳಿಸಿದಾಗ ಹೆಸರಿನ ಹಿಂದೆ ಬರುವ ಅಂಕಿಯೂ ಇರಕೂಡದು, ಇದ್ದರೆ ಯಂತ್ರಕ್ಕೆ ಫೈಲೇ ಕಾಣುವುದಿಲ್ಲ.

ಹಳೆಯ ಡ್ರೈವ್‌ನಲ್ಲೇ ಮೆನು ತೊದಲುತ್ತಿದ್ದರೆ ದುರಸ್ತಿಯ ಮೆನುವಾದ ಸೇಫ್ ಮೋಡ್ ನೋಡಿ. ಆಫ್ ಆಗಿರುವಾಗ ಪವರ್ ಬಟನ್ ಒತ್ತಿಯೇ ಹಿಡಿದರೆ ಯಂತ್ರ ಬೀಪ್ ಮಾಡುತ್ತಾ ಆನ್ ಆಗಿ, ಆಮೇಲೆ ತಾನೇ ಆಫ್ ಆಗುತ್ತದೆ. ಮತ್ತೆ ಒತ್ತಿ ಹಿಡಿದು, ಬೇಗ ಬೇಗ ಎರಡು ಬೀಪ್ ಕೇಳಿದಾಗ ಬಿಡಿ. ಕಂಟ್ರೋಲರನ್ನು ಕೇಬಲ್‌ನಲ್ಲಿ ಜೋಡಿಸಿ ರೀಬಿಲ್ಡ್ ಡೇಟಾಬೇಸ್ ಆರಿಸಿ. ಸೇವ್‌ಗಳು ಉಳಿಯುತ್ತವೆ.

ಬೆಲೆಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಸ್ಲಿಮ್‌ಗೆ ಒಂದು ಮೇಲುಗೈ ಉಳಿದಿದೆ. ವೀ ಶಾಪ್ 2019ರ ಜನವರಿಯಲ್ಲಿ, ಎಕ್ಸ್‌ಬಾಕ್ಸ್ 360 ಸ್ಟೋರ್ 2024ರ ಜುಲೈ 29ರಂದು ಮುಚ್ಚಿದವು. ಪಿಎಸ್3 ಸ್ಟೋರನ್ನೂ ಮುಚ್ಚುತ್ತೇವೆ ಎಂದು 2021ರಲ್ಲಿ ಹೇಳಿದ ಸೋನಿ, ಆಟಗಾರರ ಪ್ರತಿಭಟನೆಯ ನಂತರ ನಿರ್ಧಾರ ಬದಲಿಸಿತು. ಆದರೆ ಅದೇ ಅಕ್ಟೋಬರ್‌ನಿಂದ ಯಂತ್ರದಲ್ಲಿ ನೇರವಾಗಿ ಕ್ರೆಡಿಟ್ ಕಾರ್ಡ್ ಹಾಕಲು ಬರುವುದಿಲ್ಲ. ಮೊದಲು ಕಂಪ್ಯೂಟರ್ ಅಥವಾ ಮೊಬೈಲ್‌ನಿಂದ ವಾಲೆಟ್‌ಗೆ ಹಣ ತುಂಬಿ, ಇಲ್ಲವೇ ಗಿಫ್ಟ್ ಕಾರ್ಡ್ ಕೋಡ್ ಸೇರಿಸಿ, ಆಮೇಲೆ ಪಿಎಸ್3ಯಲ್ಲಿ ಖರೀದಿಸಬೇಕು. ಗಿಫ್ಟ್ ಕಾರ್ಡ್ ಯಾವ ದೇಶದ್ದೋ ಅಕೌಂಟೂ ಅದೇ ದೇಶದ್ದಾಗಿರಬೇಕು.