ನೆನೆದ ಕಾಗದಪತ್ರಕ್ಕೆ ಫ್ಯಾನೇ ಸರಿ: ಬಿಸಿಲು, ಇಸ್ತ್ರಿ, ಫ್ರೀಜರ್ ಜೊತೆ ಒಂದು ಹೋಲಿಕೆ

ಮನೆಗೆ ಹೊಕ್ಕ ಹೊಳೆ ಇಳಿದ ಮೇಲೆ ಗಾದಿ, ಕೌದಿಗೆ ನಾಲ್ಕು ದಿನ ತಡವಾದರೂ ನಡೆದೀತು. ತಿಜೋರಿಯ ಕೆಳಖಾನೆಯಲ್ಲಿ ನೆನೆದು ಮುದ್ದೆಯಾದ ಕಾಗದದ ಗಂಟು ಕಾಯುವುದಿಲ್ಲ. 48 ಗಂಟೆ ದಾಟಿತೆಂದರೆ ಬೂಷ್ಟು ಹಿಡಿಯಲು ಶುರು. ಜನ ಬಳಸುವ ನಾಲ್ಕೂ ದಾರಿ ಮಾಡಿ ನೋಡಿದ್ದರಲ್ಲಿ ಟೇಬಲ್ ಫ್ಯಾನಿಗೆ ಸರಿಸಾಟಿ ಯಾವುದೂ ಇಲ್ಲ. ನೀರಲ್ಲಿ ಮುಳುಗಿದ್ದ ಫ್ಯಾನನ್ನು ಮಾತ್ರ ಹಚ್ಚಬೇಡಿ.

ಯಾವ ದಾರಿ ಹಿಡಿದರೂ ಮೊದಲು ರಾಡಿ ಹೋಗಬೇಕು. ನಮ್ಮ ಕಡೆಯ ಎರೆಮಣ್ಣು ಹಾಳೆಯ ಎಳೆಯೊಳಗೆ ಇಳಿದು ಒಣಗಿದರೆ ಮತ್ತೆ ಬಿಡುವುದಿಲ್ಲ. ಪುಸ್ತಕವನ್ನು ಮುಚ್ಚಿ ಗಟ್ಟಿಯಾಗಿ ಹಿಡಿದು ಬುಟ್ಟಿಯ ತಿಳಿನೀರಲ್ಲಿ ಎರಡು ಮೂರು ಸಲ ಅದ್ದಿ ತೆಗೆಯಿರಿ, ಉಜ್ಜಬೇಡಿ. ಶಾಯಿ ಪೆನ್ನಿನ ಬರಹ, ನೇರಳೆ ಮೊಹರು ಇರುವ ಪತ್ರಗಳನ್ನು ತೊಳೆಯಲೇ ಬೇಡಿ, ಬಣ್ಣ ಹರಿದು ಹೋಗುತ್ತದೆ. ಬಾಲ್ ಪೆನ್ನಿನ ಬರಹ ತಡೆದುಕೊಳ್ಳುತ್ತದೆ. ಹೊಳೆ ನೀರಲ್ಲಿ ಗಟಾರದ ನೀರೂ ಕೂಡಿರುತ್ತದೆ, ಕೈಗೆ ರಬ್ಬರ್ ಗವಸು ಇರಲಿ.

ಬಿಸಿಲು: ಪುಕ್ಕಟೆ, ಆದರೆ ಹೊಳೆ ಬರುವುದೇ ಮಳೆಗಾಲದಲ್ಲಿ. 2019ರಲ್ಲಿ ಗೋಕಾಕ, ರಾಮದುರ್ಗ, ಮುಧೋಳದ ಮನೆಗಳಿಗೆ ನೀರು ಹೊಕ್ಕಿದ್ದು ಆಗಸ್ಟ್‌ನಲ್ಲಿ. ಬಿಸಿಲು ಬಿದ್ದರೂ ಹಾಳೆಯ ಮೇಲ್ಮೈ ಬೇಗ ಒಣಗಿ ಅಡಿ ಹಸಿಯಾಗೇ ಉಳಿದು ಸುರುಳಿ ಸುತ್ತುತ್ತದೆ, ಬರಹ ಮಾಸುತ್ತದೆ. ಫೋಟೊವನ್ನಂತೂ ಬಿಸಿಲಿಗೆ ಇಡಲೇಬಾರದು.

ಇಸ್ತ್ರಿ: ಝೆರಾಕ್ಸ್ ಪ್ರತಿಯ ಮಸಿ ಕಾವಿಗೆ ಕರಗಿ ಮೇಲಿನ ಬಟ್ಟೆಗೆ ಅಂಟುತ್ತದೆ. ಎಟಿಎಂ ಚೀಟಿಯಂಥ ಕಾಗದ ಪೂರ್ತಿ ಕಪ್ಪಾಗುತ್ತದೆ. ಬೇಡ.

ಫ್ರೀಜರ್: ಇದು ಒಣಗಿಸುವುದಕ್ಕಿಂತ ಕಾಲ ತಡೆಹಿಡಿಯುವುದಕ್ಕೆ. ಒದ್ದೆ ಕಾಗದವನ್ನು ಅರ್ಧ ಇಂಚಿನ ಕಟ್ಟು ಮಾಡಿ, ಕಟ್ಟುಗಳ ನಡುವೆ ಬಟರ್ ಪೇಪರ್ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಡ್ಡೆ ಕಟ್ಟಿಸಿದರೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ. ಆಮೇಲೆ ಒಂದೊಂದೇ ಕಟ್ಟು ತೆಗೆದು ಫ್ಯಾನಿಗೆ ಹಾಕಬಹುದು. ಮಿರುಗುವ ನುಣುಪು ಕಾಗದದ ಪುಸ್ತಕ ಇದ್ದರೆ ಇದೇ ದಾರಿ, ಏಕೆಂದರೆ ಆ ಹಾಳೆಗಳು ಒಟ್ಟಿಗೆ ಒಣಗಿದರೆ ಇಟ್ಟಿಗೆಯಾಗಿ ಬಿಡುತ್ತವೆ. ತೊಂದರೆ ಎಂದರೆ ನೀರು ಹೊಕ್ಕ ಊರಲ್ಲಿ ಕರೆಂಟ್ ಇರುವುದಿಲ್ಲ. ಒಮ್ಮೆ ಕರಗಿತೆಂದರೆ ಮೊದಲಿನ ಅವಸ್ಥೆಯೇ. ಕರೆಂಟ್ ಇರುವ ಊರಿನ ಬೀಗರ ಮನೆ, ಇಲ್ಲವೇ ಪರಿಚಯದ ಐಸ್‌ಕ್ರೀಮ್ ಅಂಗಡಿ ಹುಡುಕಬೇಕು.

ಫ್ಯಾನು: ಗಾಳಿ ಕಾಗದಕ್ಕೆ ನೇರ ಬಡಿಯಬಾರದು. ಫ್ಯಾನಿನ ಮುಖ ಗೋಡೆಗೆ ತಿರುಗಿಸಿ, ಕೋಣೆಯ ಗಾಳಿ ಸುಮ್ಮನೆ ಸುತ್ತುತ್ತಿರಲಿ. ಬಿಡಿ ಹಾಳೆಗಳನ್ನು ನೈಲಾನ್ ದಾರದ ಮೇಲೆ ಹಾಕಿ. ಪುಸ್ತಕವಾದರೆ ಪ್ರತಿ 20 ಹಾಳೆಗೆ ಒಂದರಂತೆ ಅಚ್ಚಿಲ್ಲದ ಬಿಳಿ ಕಾಗದ ತೂರಿಸಿ, ಸ್ವಲ್ಪ ತೆರೆದು ನೆಟ್ಟಗೆ ನಿಲ್ಲಿಸಿ. ಹಳೆಯ ದಿನಪತ್ರಿಕೆ ತೂರಿಸಬೇಡಿ, ಅದರ ಮಸಿ ಹತ್ತುತ್ತದೆ. ಹಳೆ ಧೋತರದ ತುಂಡಾದರೂ ಆದೀತು. ಎರಡು ಮೂರು ತಾಸಿಗೊಮ್ಮೆ ಬದಲಿಸಿ. ಬಹಳ ತೂರಿಸಿದರೆ ಪುಸ್ತಕದ ಬೆನ್ನು ಬಿರಿಯುತ್ತದೆ. ಕರೆಂಟ್ ಇಲ್ಲದಿದ್ದರೆ ಪಡಸಾಲೆಯ ಎದುರುಬದುರು ಬಾಗಿಲು ತೆರೆದು ದಾರ ಕಟ್ಟಿದರೂ ಕೆಲಸ ಸಾಗುತ್ತದೆ, ತುಸು ತಡ ಅಷ್ಟೇ.

ನಾಲ್ಕೂ ದಾರಿ ಸೋಲುವುದು ಲ್ಯಾಮಿನೇಶನ್ ಮಾಡಿಸಿದ ಅಂಕಪಟ್ಟಿಯ ಮುಂದೆ. ಪ್ಲಾಸ್ಟಿಕ್ ಇದೆ, ನೀರು ಹೋಗುವುದಿಲ್ಲ ಎಂದು ನಂಬಿ ಅದನ್ನೇ ಎಲ್ಲಕ್ಕಿಂತ ಕೆಳಗೆ ಇಟ್ಟಿರುತ್ತಾರೆ. ಸುತ್ತಲೂ ಪ್ಲಾಸ್ಟಿಕ್ಕಿನ ಅಂಚು ಉಳಿದಿದ್ದರೆ ನಿಜಕ್ಕೂ ಏನೂ ಆಗುವುದಿಲ್ಲ, ಒರೆಸಿಟ್ಟರೆ ಸಾಕು. ಅಂದವಾಗಿ ಕಾಣಲೆಂದು ಕಾಗದದ ತುದಿಯವರೆಗೆ ಕತ್ತರಿಸಿದ್ದರೆ ಮಾತ್ರ ಆ ತುದಿಯಿಂದ ಕಾಗದ ನೀರು ಹೀರಿಕೊಳ್ಳುತ್ತದೆ. ಒಳಗೆ ಹೋದ ನೀರಿಗೆ ಎರಡೂ ಮೈ ಮುಚ್ಚಿರುವುದರಿಂದ ಹೊರಬರಲು ಅದೇ ಸಣ್ಣ ತುದಿ. ದಿನ ಕಳೆದಂತೆ ಕಪ್ಪು ಚುಕ್ಕೆ ಮೂಡುತ್ತವೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಪ್ಲಾಸ್ಟಿಕ್ ಸುಲಿಯುವುದು. ಅದು ಕಾಗದಕ್ಕೆ ಅಂಟಿನಿಂದ ಬೆಸೆದಿದೆ. ಸುಲಿದರೆ ಅಕ್ಷರದ ಪದರವೇ ಅದರ ಜೊತೆ ಎದ್ದು ಬರುತ್ತದೆ. ಇಸ್ತ್ರಿ ಹಾಕಿದರೆ ಅಂಟು ಮೆದುವಾಗಿ ಒಳಗಿನ ತೇವ ಗುಳ್ಳೆ ಎಬ್ಬಿಸುತ್ತದೆ. ಮೊದಲು ಎರಡೂ ಬದಿಯ ಫೋಟೊ ತೆಗೆಯಿರಿ. ನಂತರ ಎಲ್ಲೆಲ್ಲಿ ಪ್ಲಾಸ್ಟಿಕ್ ಅಂಚು ಉಳಿದಿದೆಯೋ ಅದನ್ನು ಕಾಗದ ತುಂಡಾಗದಂತೆ ಅದರ ತುದಿಯವರೆಗೆ ಕತ್ತರಿಸಿ ನಾಲ್ಕೂ ಕಡೆ ಬಾಯಿ ಬಿಡಿಸಿ, ನೂಲಿನ ಬಟ್ಟೆಯ ಮೇಲೆ ಫ್ಯಾನಿನ ಕೋಣೆಯಲ್ಲಿ ವಾರವಿಡೀ ಇಡಿ. ಕಲೆ ಉಳಿಯುತ್ತದೆ, ಅಕ್ಷರ ಉಳಿಯುವ ಸಾಧ್ಯತೆ ಹೆಚ್ಚು. ಜೊತೆಗೆ ಪರೀಕ್ಷಾ ಮಂಡಳಿಗೆ ನಕಲು ಅಂಕಪಟ್ಟಿಗೂ ಅರ್ಜಿ ಹಾಕಿ.

ದುಡಿಮೆಯನ್ನು ಎಲ್ಲದರ ಮೇಲೂ ಸಮನಾಗಿ ಹಂಚಬೇಡಿ. ಉತಾರ (ಹೊಲದ ಪಹಣಿ) ಸರ್ಕಾರದ ‘ಭೂಮಿ’ ತಂತ್ರಾಂಶದಲ್ಲಿ ಮತ್ತೆ ಸಿಗುತ್ತದೆ; ನೋಂದಾಯಿತ ಖರೀದಿ ಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ನೋಂದಣಿ ಆಗದ ವಾಟ್ನಿ (ಆಸ್ತಿ ಪಾಲಿನ) ಪತ್ರ, ಕೈಬರಹದ ಸಾಲದ ಚೀಟಿ, ಹಳೆಯ ಫೋಟೊ ಮತ್ತೆಲ್ಲೂ ಸಿಗುವುದಿಲ್ಲ. ದಾರದ ಮೇಲೆ ಮೊದಲ ಜಾಗ ಅವಕ್ಕೇ.

ಫ್ಯಾನು ಮನೆಯಲ್ಲೇ ಇರುತ್ತದೆ, ಖರ್ಚು ಬಿಳಿ ಕಾಗದದ್ದು ಮಾತ್ರ. ಕೈ ಬಿಡುವಿಲ್ಲದೆ ಹಾಳೆ ಬದಲಿಸುವ ತಾಳ್ಮೆ ಇದ್ದವರಿಗೆ ಇದೇ ನನ್ನ ಆಯ್ಕೆ. ಎರಡು ದಿನದಲ್ಲಿ ಮುಗಿಯದಷ್ಟು ಗಂಟು ಇದ್ದರೆ ಮಿಕ್ಕಿದ್ದು ಫ್ರೀಜರಿಗೆ. ಒಣಗಿತೋ ಇಲ್ಲವೋ ನೋಡಲು ಹಾಳೆಯನ್ನು ಕೆನ್ನೆಗೆ ತಾಗಿಸಿ: ತಣ್ಣಗಿದ್ದರೆ ಇನ್ನೂ ತೇವ ಇದೆ. ಪೂರ್ತಿ ಒಣಗಿದ ಮೇಲೆ ಎರಡು ಹಲಗೆಗಳ ನಡುವೆ ಇಟ್ಟು, ಮೇಲೆ ಬೀಸುಕಲ್ಲು ಹೇರಿ ಮೂರು ದಿನ ಬಿಡಿ.