ಸಣ್ಣ ಕ್ಲಿನಿಕ್ಕು, ದೊಡ್ಡಾಸ್ಪತ್ರೆ, ಕಾಲೇಜು: ಮೂರೂ ಕಡೆ ಬಿಲ್ಲು ಕಟ್ಟಿದ ಮೇಲೆ ನನ್ನ ಲೆಕ್ಕ

ಮೊನ್ನೆ ರಜೆ ದಿನ ಕೂತು ಚುಕ್ಕಿ ಮತ್ತು ಗುಂಡನ ಬಿಲ್ಲುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡೆ. ಚುಕ್ಕಿ ನಾಯಿ, ಎಂಟು ವರ್ಷ. ಗುಂಡ ಬೆಕ್ಕು, ಐದು ವರ್ಷ. ಹರಡಿದ ಕಾಗದದ ಮೇಲೇ ಗುಂಡ ಬಂದು ಮಲಗಿದ, ಅದಿರಲಿ. ಲಸಿಕೆ, ಜಂತುಹುಳು ಮಾತ್ರೆ, ಕಿವಿ ಡ್ರಾಪ್ಸು ಅಂತ ಚಿಲ್ಲರೆ ಬಿಲ್ಲುಗಳನ್ನೆಲ್ಲ ಕೂಡಿಸಿದರೂ ಮೂರು ದೊಡ್ಡ ಬಿಲ್ಲುಗಳ ಹತ್ತಿರಕ್ಕೂ ಬರಲಿಲ್ಲ. ಆ ಮೂರರಲ್ಲಿ ಎರಡಂತೂ ನಾನೇ ಮೈಮೇಲೆ ಎಳೆದುಕೊಂಡಿದ್ದು. ಹಾಗಾಗಿ ಯಾವ ಡಾಕ್ಟರು ಕಡಿಮೆ ತಗೋತಾರೆ ಅಂತ ಯಾರಾದರೂ ಕೇಳಿದರೆ ನನಗೆ ಒಂದೇ ಮಾತಲ್ಲಿ ಹೇಳೋಕೆ ಆಗುವುದಿಲ್ಲ.

ಮನೆಗೆ ಹತ್ತಿರ ಇರುವ ಸಣ್ಣ ಕ್ಲಿನಿಕ್ಕಿನಿಂದ ಶುರು ಮಾಡುತ್ತೇನೆ. ಒಬ್ಬರೇ ಡಾಕ್ಟರು, ಒಬ್ಬ ಸಹಾಯಕ, ಒಂದು ಸ್ಟೀಲ್ ಟೇಬಲ್ಲು, ಒಂದು ತೂಕದ ಯಂತ್ರ, ಒಂದು ಮೈಕ್ರೋಸ್ಕೋಪು. ಎಕ್ಸ್‌ರೇ ಇಲ್ಲ. ರಾತ್ರಿ ಬಾಗಿಲು ತೆಗೆಯುವುದಿಲ್ಲ. ಚುಕ್ಕಿ ಎರಡು ತಿಂಗಳ ಮರಿ ಇದ್ದಾಗಿನಿಂದ ಅಲ್ಲಿಗೇ ಹೋಗುತ್ತಿದ್ದೇವೆ. ಡಾಕ್ಟರು ಮೊದಲು ತೂಕ ನೋಡುತ್ತಾರೆ. ಆಮೇಲೆ ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಡುತ್ತಾರೆ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಮೊದಲ ಸಲವೇ ನನ್ನ ಕೈಯಲ್ಲೂ ಮಾಡಿಸಿದರು. "ಚೆನ್ನಾಗಿರೋವಾಗ ಹೇಗಿರುತ್ತೆ ಅಂತ ಗೊತ್ತಿದ್ರೆ ತಾನೇ ಹುಷಾರು ತಪ್ಪಿದಾಗ ಗೊತ್ತಾಗೋದು?" ಅಂದರು. ನಿದ್ದೆಯಲ್ಲಿರುವಾಗ ಉಸಿರು ಎಣಿಸುವುದನ್ನೂ ಅವರೇ ಹೇಳಿಕೊಟ್ಟಿದ್ದು, ನಿಮಿಷಕ್ಕೆ 30ರೊಳಗೆ ಇರಬೇಕು. ನಾಯಿಗೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಮಾಮೂಲಿ ಮೈಬಿಸಿ, ನಮ್ಮ ಲೆಕ್ಕ ಹಿಡಿದು ಜ್ವರ ಅಂದುಕೊಂಡು ಓಡಿ ಬರಬೇಡಿ ಅಂತಲೂ ಹೇಳಿದ್ದರು. ಆ ಒಂದು ಮಾತು ನನಗೆ ಕಡಿಮೆ ಅಂದರೂ ಎರಡು ಸಲದ ಫೀಸು ಉಳಿಸಿದೆ.

ಒಂದೇ ತೊಂದರೆಗೆ ಈ ಕ್ಲಿನಿಕ್ಕು, ರಾತ್ರಿಯೂ ತೆರೆದಿರುವ ದೊಡ್ಡ ಪ್ರಾಣಿ ಆಸ್ಪತ್ರೆ ಎರಡೂ ಕಡೆ ಹೋಗಿ ನೋಡಿದ್ದೂ ಇದೆ. ಚುಕ್ಕಿ ಕಿವಿ ಕೆರೆದುಕೊಂಡು ಕೆರೆದುಕೊಂಡು ತಲೆ ಒದರುತ್ತಿದ್ದಳು. ಸಣ್ಣ ಕ್ಲಿನಿಕ್ಕಿಗೆ ರಜೆ ಇತ್ತು ಅಂತ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಪೂರ್ತಿ ರಕ್ತ ಪರೀಕ್ಷೆ, ಅಲರ್ಜಿ ಪರೀಕ್ಷೆ, ಜೊತೆಗೆ ಮೂರು ಔಷಧಿ ಬರೆದರು. ರಕ್ತ ಪರೀಕ್ಷೆ ಮಾತ್ರ ಮಾಡಿಸಿ ಬಂದೆ, ಎಲ್ಲ ಸರಿಯಾಗಿತ್ತು, ಕಿವಿ ಮಾತ್ರ ಹಾಗೇ ಇತ್ತು. ಮರುವಾರ ನಮ್ಮ ಡಾಕ್ಟರು ಹತ್ತಿ ಕಡ್ಡಿಯಲ್ಲಿ ಕಿವಿಯ ಕೊಳೆ ತೆಗೆದು, ಗಾಜಿನ ಮೇಲೆ ಉಜ್ಜಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು, ಕಡಲೆಕಾಯಿ ಆಕಾರದ ನೇರಳೆ ಚುಕ್ಕೆಗಳು. ಯೀಸ್ಟು, ಅಂದರೆ ಒಂದು ಥರದ ಶಿಲೀಂಧ್ರ. ಒಂದು ಬಾಟಲಿ ಡ್ರಾಪ್ಸಿನಲ್ಲಿ ಮುಗಿಯಿತು. ನನ್ನ ಬಿಲ್ಲಿನ ಪ್ರಕಾರ ದೊಡ್ಡಾಸ್ಪತ್ರೆಯ ಆರನೇ ಒಂದು ಭಾಗ ಖರ್ಚು.

ಇದನ್ನು ಓದಿ ದೊಡ್ಡಾಸ್ಪತ್ರೆ ಅಂದರೆ ಸುಲಿಗೆ ಅಂದುಕೊಳ್ಳಬೇಡಿ. ಗುಂಡ ಇವತ್ತು ಬದುಕಿರೋದು ಅವರಿಂದಲೇ.

ಗುಂಡನಿಗೆ ಆಗ ಎರಡು ವರ್ಷ. ಒಂದು ಸಂಜೆ ಪದೇ ಪದೇ ಮರಳಿನ ಟ್ರೇಗೆ ಹೋಗಿ ಕೂರುತ್ತಿದ್ದ, ತಿಣುಕುತ್ತಿದ್ದ, ಎದ್ದು ಬರುತ್ತಿದ್ದ. ಮಲಬದ್ಧತೆ ಇರಬೇಕು, ಬೆಳಿಗ್ಗೆ ನೋಡೋಣ ಅಂತ ನಾನು ಸುಮ್ನೆ ಇದ್ದೆ. ಮಧ್ಯರಾತ್ರಿ ದಾಟಿದ ಮೇಲೆ ವಾಂತಿ ಮಾಡಿದ. ಆಗ ಟ್ರೇ ನೋಡಿದರೆ ಮರಳು ಒಣಗಿದ್ದು ಒಣಗಿದ ಹಾಗೇ ಇದೆ, ಒಂದು ಹನಿ ಬಿದ್ದಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು. ಹರಳೋ ಲೋಳೆಯೋ ಸಿಕ್ಕಿಕೊಂಡು ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತಾ ಹೋಗಿ ಹೃದಯವೇ ನಿಲ್ಲಬಹುದು, ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತದೆ. ದೊಡ್ಡಾಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಡ್ರಿಪ್ಪು, ಕ್ಯಾತಿಟರು, ಇಸಿಜಿ ಎಲ್ಲ ತಯಾರಿತ್ತು. ಆ ಹೊತ್ತಲ್ಲಿ ಸಣ್ಣ ಕ್ಲಿನಿಕ್ಕಿನ ಬಾಗಿಲು ತಟ್ಟಿ ಪ್ರಯೋಜನ ಇರಲಿಲ್ಲ. ಸಂಜೆಯೇ ಹೋಗಿದ್ದರೆ ಮೂರು ದಿನ ಅಡ್ಮಿಟ್ ಆಗೋದು ಒಂದೂವರೆ ದಿನಕ್ಕೆ ಮುಗಿಯುತ್ತಿತ್ತು ಅಂತ ಡ್ಯೂಟಿ ಡಾಕ್ಟರು ಆಮೇಲೆ ಹೇಳಿದರು. ನಾನೇ ಎಳೆದುಕೊಂಡ ಎರಡು ಬಿಲ್ಲುಗಳಲ್ಲಿ ಇದು ಒಂದು.

ಆ ರಾತ್ರಿ ಕೌಂಟರಿನಲ್ಲಿ ಒಂದು ವಿಷಯ ಕಲಿತೆ. ಅಡ್ವಾನ್ಸ್ ಕಟ್ಟೋಕೆ ಮುಂಚೆ ಅಂದಾಜು ಬರೆದು ಕೊಡಿ, ಕಡಿಮೆ ಅಂದರೆ ಎಷ್ಟು ಜಾಸ್ತಿ ಅಂದರೆ ಎಷ್ಟು, ಅಂತ ಕೇಳಿದೆ. ಮುಖ ಸಿಂಡರಿಸಬಹುದು ಅಂದುಕೊಂಡಿದ್ದೆ. ಇಲ್ಲ, ಅದು ಅವರಿಗೆ ದಿನನಿತ್ಯದ ಕೆಲಸ, ತಕ್ಷಣ ಪ್ರಿಂಟು ಬಂತು. ಪಟ್ಟಿಯಲ್ಲಿದ್ದ ಒಂದೊಂದಕ್ಕೂ "ಇದರ ಫಲಿತಾಂಶ ಬಂದರೆ ಇವತ್ತಿನ ಚಿಕಿತ್ಸೆ ಏನಾದರೂ ಬದಲಾಗುತ್ತಾ?" ಅಂತ ಕೇಳಿದೆ. ಎರಡಕ್ಕೆ ಇಲ್ಲ ಅಂದರು, ಅವನ್ನು ಆಮೇಲೆ ಮಾಡಿದರಾಯಿತು ಅಂತ ಅವರೇ ಹೊಡೆದು ಹಾಕಿದರು. ನನ್ನ ಹತ್ತಿರ ಇಷ್ಟೇ ಇದೆ ಅಂತ ಮೊದಲೇ ಹೇಳಿದರೆ ಡಾಕ್ಟರೂ ಅದಕ್ಕೆ ತಕ್ಕ ಹಾಗೆ ಎರಡನೇ ದಾರಿ ಯೋಚಿಸುತ್ತಾರೆ. ಹೇಳದೆ ಒಳಗೊಳಗೇ ಬೈದುಕೊಂಡರೆ ಅವರಿಗೆ ಹೇಗೆ ಗೊತ್ತಾಗಬೇಕು?

ದೊಡ್ಡಾಸ್ಪತ್ರೆಯ ನಿಜವಾದ ತೊಂದರೆ ರೇಟಲ್ಲ. ಹೋದಾಗಲೆಲ್ಲ ಹೊಸ ಡಾಕ್ಟರು. ಕಥೆ ಮತ್ತೆ ಮೊದಲಿಂದ ಹೇಳಬೇಕು. ಚುಕ್ಕಿಗೆ ನಾಲ್ಕು ವರ್ಷ ಇದ್ದಾಗ ಒಂದು ದಿನ ನೀರು ಜಾಸ್ತಿ ಕುಡಿಯುತ್ತಿದ್ದಾಳೆ ಅಂತ ಸಣ್ಣ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ಮುಟ್ಟೋಕೆ ಮುಂಚೆಯೇ "ಇವಳು ಟೇಬಲ್ ಮೇಲೆ ತಾನೇ ಹಾರೋಳಲ್ವಾ, ಇವತ್ತು ಯಾಕೆ ಎತ್ತಿ ಕೂರಿಸಿದ್ರಿ?" ಅಂದರು. ಹಿಂದಿನ ಸಲ ಬೆದೆಗೆ ಬಂದಿದ್ದು ಯಾವಾಗ ಅಂತ ಕೇಳಿದರು. ಆರು ವಾರ ಆಗಿತ್ತು. ಗರ್ಭಕೋಶದಲ್ಲಿ ಕೀವು ಇರಬಹುದು, ಈಗಲೇ ಸ್ಕ್ಯಾನ್ ಇರೋ ಕಡೆ ಹೋಗಿ ಅಂತ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದರು. ಅವರು ಅಂದಿದ್ದೇ ಆಗಿತ್ತು. ಅದೇ ರಾತ್ರಿ ಆಪರೇಷನ್ ಆಯಿತು. ಅವಳು ಚೆನ್ನಾಗಿದ್ದಾಗ ಹೇಗಿರುತ್ತಾಳೆ ಅಂತ ಗೊತ್ತಿರೋ ಡಾಕ್ಟರಿಗೆ ಮಾತ್ರ ಆ ಪ್ರಶ್ನೆ ಹೊಳೆಯೋದು. ಇದು ನಾನು ಎಳೆದುಕೊಂಡ ಎರಡನೇ ಬಿಲ್ಲು. ಸಂತಾನಹರಣ ಮಾಡಿಸಿ ಅಂತ ಅದೇ ಡಾಕ್ಟರು ಎರಡು ವರ್ಷದಿಂದ ಹೇಳುತ್ತಿದ್ದರು, ನಾನು ಮುಂದೂಡುತ್ತಿದ್ದೆ. ಮೊದಲೇ ಮಾಡಿಸಿದ್ದರೆ ಆಗುತ್ತಿದ್ದ ಖರ್ಚಿನ ನಾಲ್ಕು ಪಟ್ಟು ಕೊಟ್ಟೆ.

ಇನ್ನು ಪಶುವೈದ್ಯ ಕಾಲೇಜಿನ ಆಸ್ಪತ್ರೆ. ಆರನೇ ವರ್ಷದಲ್ಲಿ ಚುಕ್ಕಿಯ ಹಿಂದಿನ ಎಡ ಮೊಣಕಾಲಿನ ಲಿಗಮೆಂಟು ಹರಿಯಿತು. ದೊಡ್ಡಾಸ್ಪತ್ರೆ ಹೇಳಿದ ಮೊತ್ತ ಕೇಳಿ ಸುಮ್ಮನೆ ಎದ್ದು ಬಂದೆ. ಕಾಲೇಜಿನಲ್ಲಿ ಅದರ ಮೂರನೇ ಒಂದು ಭಾಗಕ್ಕೆ ಆಯಿತು. ಆದರೆ ಸಮಯ ಕೊಡಬೇಕು. ಬೆಳಿಗ್ಗೆ ಹೋದರೆ ಸಂಜೆ. ಸಾಲಿನಲ್ಲಿ ನಮ್ಮ ಪಕ್ಕ ಒಂದು ಕರು ಇತ್ತು, ಚುಕ್ಕಿ ಅದನ್ನು ನೋಡಿ ಕಾಲುನೋವೇ ಮರೆತಳು. ಹಾಗೆ ನೋಡಿದರೆ ಅದು ಕರುವಿನದೇ ಜಾಗ. 1761ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಕ್ಲೋಡ್ ಬೂರ್ಜೆಲಾ ಮೊದಲ ಪಶುವೈದ್ಯ ಶಾಲೆ ಸ್ಥಾಪಿಸಿದ್ದೇ ದನಗಳ ಸಾಂಕ್ರಾಮಿಕ ರೋಗದ ಕಾಟಕ್ಕೆ, ನಾಯಿ ಬೆಕ್ಕುಗಳ ಸರದಿ ಬಂದಿದ್ದು ಬಹಳ ಆಮೇಲೆ. ಮೊದಲು ಒಬ್ಬ ವಿದ್ಯಾರ್ಥಿನಿ ಬಂದು ಮುಕ್ಕಾಲು ಗಂಟೆ ಮೂಗಿನಿಂದ ಬಾಲದವರೆಗೆ ನೋಡಿ ಬರೆದುಕೊಂಡಳು. ಆಮೇಲೆ ಪ್ರೊಫೆಸರು ಬಂದು ಅದನ್ನೇ ಮತ್ತೆ ನೋಡಿದರು. ಬೇಜಾರಾಗುತ್ತದೆ, ನಿಜ. ಆದರೆ ಚುಕ್ಕಿಯ ಹಿಂದಿನ ಹಲ್ಲೊಂದು ಬಿರುಕು ಬಿಟ್ಟಿದೆ ಅಂತ ಮೊದಲು ಕಂಡುಹಿಡಿದವಳು ಆ ಹುಡುಗಿಯೇ, ಅಲ್ಲಿವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊತ್ತು ಗೊತ್ತಿಲ್ಲದೆ ಬರುವ ಕಾಯಿಲೆಗೆ ಕಾಲೇಜು ಆಗುವುದಿಲ್ಲ. ವಾರ ಎರಡು ವಾರ ಕಾಯಬಹುದಾದ ದೊಡ್ಡ ಆಪರೇಷನ್ನಿಗೆ ಮಾತ್ರ ನಾನು ಕಣ್ಣು ಮುಚ್ಚಿ ಅಲ್ಲಿಗೇ ಹೋಗುತ್ತೇನೆ.

ಮನೆಗೆ ಬರುವ ಡಾಕ್ಟರನ್ನೂ ಕರೆಸಿದ್ದೇನೆ. ಬುಟ್ಟಿ ಕಂಡರೆ ಮಂಚದ ಕೆಳಗೆ ಸೇರುವ ಬೆಕ್ಕಿನ ಲಸಿಕೆಗೆ ಒಳ್ಳೆಯದು, ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ವಿಡಿಯೋ ಕರೆಯಲ್ಲಿ ನೋಡುವವರಿಂದ ಈಗಲೇ ಹೊರಡಬೇಕಾ, ನಾಳೆ ಸಾಕಾ ಅನ್ನೋದಷ್ಟೇ ತಿಳಿಯಿತು. ಹೊಟ್ಟೆ ಒತ್ತಿ ನೋಡೋಕೆ ಫೋನಿನಲ್ಲಿ ಆಗುವುದಿಲ್ಲವಲ್ಲ.

ಲಸಿಕೆ ವಿಷಯದಲ್ಲಿ ಮೂರು ಕಡೆಗೂ ಜಾಸ್ತಿ ವ್ಯತ್ಯಾಸ ಕಂಡೆ. ಮರಿಗೆ 6ರಿಂದ 8 ವಾರಕ್ಕೆ ಶುರು ಮಾಡಿ 2ರಿಂದ 4 ವಾರಕ್ಕೊಮ್ಮೆ, 16 ವಾರ ಆಗುವವರೆಗೆ ಕೊಡಬೇಕು. ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಮರಿಯಲ್ಲಿರುವವರೆಗೆ ಲಸಿಕೆ ಸರಿಯಾಗಿ ನಾಟುವುದಿಲ್ಲ, ಅದು ಯಾವ ವಾರ ಇಳಿಯುತ್ತದೆ ಅಂತ ಹೇಳೋಕೆ ಆಗುವುದಿಲ್ಲ, ಅದಕ್ಕೇ ಇಷ್ಟು ಸಲ. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ, ಪಾರ್ವೋ (ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ಸು) ಬಂದರೆ ಒಂದು ವಾರದ ಡ್ರಿಪ್ಪಿನ ಖರ್ಚು ಇಡೀ ಲಸಿಕೆಯ ಖರ್ಚನ್ನು ನುಂಗಿ ಹಾಕುತ್ತದೆ. ಆದರೆ ದೊಡ್ಡಾಸ್ಪತ್ರೆಯ ವರ್ಷದ ಪ್ಯಾಕೇಜಿನಲ್ಲಿ ಬೆಳೆದ ನಾಯಿಗೂ ಎಲ್ಲ ಲಸಿಕೆ ಪ್ರತಿ ವರ್ಷ ಇತ್ತು. ಸಣ್ಣ ಪ್ರಾಣಿಗಳ ಪಶುವೈದ್ಯರ ಜಾಗತಿಕ ಸಂಘಟನೆ ಡಬ್ಲ್ಯುಎಸ್ಎವಿಎ ಹೇಳುವುದು ಬೇರೆ: ಮರಿಯಲ್ಲಿ ಸರಿಯಾಗಿ ಕೊಟ್ಟು, ಆಮೇಲಿನ ಬೂಸ್ಟರೂ ಆಗಿದ್ದರೆ ಪಾರ್ವೋ ಮತ್ತು ಡಿಸ್ಟೆಂಪರ್ (ಇದೂ ನಾಯಿಗಳ ವೈರಸ್ ಕಾಯಿಲೆ) ಲಸಿಕೆಗಳು 3 ವರ್ಷಕ್ಕಿಂತ ಬೇಗ ಬೇಕಿಲ್ಲ. ಇಲಿಜ್ವರದ್ದು ಬೇಕಿರುವ ನಾಯಿಗೆ ವರ್ಷ ವರ್ಷವೂ ಬೇಕು. ರೇಬಿಸ್‌ಗೆ ಲೇಬಲ್ಲು ಮತ್ತು ಕಾನೂನು ಹೇಳಿದಷ್ಟು, ಅದರಲ್ಲಿ ಮಾತಿಲ್ಲ. ಇನ್ನೊಂದು, ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ನಮ್ಮ ಕ್ಲಿನಿಕ್ಕಿನಲ್ಲಿ ಫ್ರಿಜ್ಜಿನೊಳಗೆ ಥರ್ಮಾಮೀಟರ್ ನೇತಾಡುತ್ತಿರುತ್ತದೆ. ಬೇರೊಂದು ಕಡೆ ಮೇಜಿನ ಡ್ರಾಯರಿನಿಂದ ಸೀಸೆ ತೆಗೆದರು, ನಾನು ಚುಕ್ಕಿಯನ್ನು ಎತ್ತಿಕೊಂಡು ಹೊರಗೆ ಬಂದೆ.

ದುಡ್ಡು ಉಳಿಸಲು ಹೋಗಿ ಕೆಡಿಸಿಕೊಳ್ಳುವ ದಾರಿಯಲ್ಲಿ ನಾನೂ ಕಾಲಿಟ್ಟಿದ್ದೆ. ಚುಕ್ಕಿಯ ಉಣ್ಣೆಹುಳದ ಔಷಧಿ ಉಳಿದಿತ್ತು, ಅರ್ಧ ಗುಂಡನಿಗೆ ಹಾಕೋಣ ಅಂದುಕೊಂಡೆ. ಯಾಕೋ ಅನುಮಾನ ಬಂದು ಫೋನ್ ಮಾಡಿದರೆ ಸಹಾಯಕ ಹುಡುಗ ಬಹುತೇಕ ಕಿರುಚಿದ. ನಾಯಿಯ ಎಷ್ಟೋ ಡ್ರಾಪ್ಸಿನಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತದೆ, ಬೆಕ್ಕಿಗೆ ಅದು ವಿಷ. ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಬೆಕ್ಕನ್ನು ಕೊಲ್ಲಬಹುದು, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ. ಉಳಿಸಬೇಕಿದ್ದರೆ ಔಷಧಿಯ ಮೂಲ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಹೊರಗೆ ಅದೇ ಔಷಧಿಯ ಕಡಿಮೆ ಬೆಲೆಯ ಬ್ರಾಂಡು ಕೇಳಿ. ಎರಡು ಡಾಕ್ಟರು ಮರುಮಾತಿಲ್ಲದೆ ಬರೆದುಕೊಟ್ಟರು. ಮೂರನೆಯವರು ಗೊಣಗಿದರು, ಅಲ್ಲಿಗೆ ಮತ್ತೆ ಹೋಗಿಲ್ಲ.

ಇನ್ಶೂರೆನ್ಸಾ, ಹುಂಡಿನಾ? ಎರಡೂ ಮಾಡಿದೆ. ಚುಕ್ಕಿಗೆ ಗರ್ಭಕೋಶದ ಆಪರೇಷನ್ ಆದ ಮೇಲೆ ಹೆದರಿ ವಿಮೆ ಮಾಡಿಸಿದೆ. ಕಾಲುಚೀಲ ನುಂಗಿ ಹೊಟ್ಟೆ ಕೊಯ್ಯಬೇಕಾಗಿ ಬಂದಾಗ ಹೆಚ್ಚುಕಡಿಮೆ ಪೂರ್ತಿ ಹಣ ಬಂತು. ಮೊಣಕಾಲಿಗೆ ಮಾತ್ರ ಒಂದು ಕಾಸೂ ಬರಲಿಲ್ಲ. ವಿಮೆಗೆ ಒಂದು ವರ್ಷ ಮುಂಚೆ ಡಾಕ್ಟರ ಫೈಲಿನಲ್ಲಿ "ಹಿಂದಿನ ಎಡಗಾಲು ಸ್ವಲ್ಪ ಕುಂಟು" ಅಂತ ಒಂದೇ ಒಂದು ಸಾಲು ಇತ್ತು, ಮೊದಲಿಂದಲೇ ಇದ್ದ ಕಾಯಿಲೆ ಅಂದುಬಿಟ್ಟರು. ಕೋಪ ಬಂತು, ಆದರೆ ನಿಯಮ ಮೊದಲ ಪುಟದಲ್ಲೇ ಇತ್ತು, ಓದಿರಲಿಲ್ಲ. ಗುಂಡನಿಗೆ ವಿಮೆ ಬದಲು ತಿಂಗಳು ತಿಂಗಳು ಅಷ್ಟೇ ಹಣವನ್ನು ಬೇರೆ ಖಾತೆಗೆ ಹಾಕುತ್ತಾ ಬಂದೆ. ಎರಡನೇ ವರ್ಷಕ್ಕೇ ಮೂತ್ರ ಕಟ್ಟಿಕೊಂಡಿತಲ್ಲ, ಆಗ ಅದರಲ್ಲಿದ್ದದ್ದು ಬಿಲ್ಲಿನ ಅರ್ಧಕ್ಕೂ ಸಾಲಲಿಲ್ಲ. ಈಗ ಪರವಾಗಿಲ್ಲ, ಚೆನ್ನಾಗಿ ಸೇರಿದೆ. ಮತ್ತೆ ಮರಿ ತಂದರೆ ಫೈಲು ಖಾಲಿ ಇರುವಾಗಲೇ ವಿಮೆ ಮಾಡಿಸುತ್ತೇನೆ. ವಯಸ್ಸಾದ ಪ್ರಾಣಿಗೆ ಹುಂಡಿಯೇ ವಾಸಿ. ಕ್ಲಿನಿಕ್ಕಿನ ಪ್ಯಾಕೇಜು ವಿಮೆ ಅಲ್ಲ, ಅದು ಮುಂಗಡ ಕೊಟ್ಟು ತಗೊಂಡ ರಿಯಾಯಿತಿ ಅಷ್ಟೇ, ಬೇಡದ್ದನ್ನೂ ಸೇರಿಸಿರುತ್ತಾರೆ.

ಮೊಣಕಾಲಿನ ಹಿಂದೆ ಇನ್ನೊಂದು ಕಥೆ ಇದೆ. ಚುಕ್ಕಿ ದಪ್ಪ ಆಗಿದ್ದಳು. ಸಣ್ಣ ಕ್ಲಿನಿಕ್ಕಿನವರು ಮುಲಾಜಿಲ್ಲದೆ ಹೇಳಿದ್ದರು, ದೊಡ್ಡಾಸ್ಪತ್ರೆಯಲ್ಲಿ ಯಾರೂ ಆ ಮಾತು ಎತ್ತಲೇ ಇಲ್ಲ. ಪಕ್ಕೆಲುಬು ಮುಟ್ಟಿದರೆ ನಮ್ಮ ಹಿಂಗೈ ಸವರಿದ ಹಾಗೆ ಮೂಳೆ ಸಿಗಬೇಕಂತೆ. ಇವಳದು ಅಂಗೈಯ ದಪ್ಪ ಭಾಗದ ಹಾಗೆ ಮೆತ್ತಗಿತ್ತು. 48 ಲ್ಯಾಬ್ರಡಾರ್ ನಾಯಿಗಳನ್ನು ಜೀವನಪೂರ್ತಿ ನೋಡಿ 2002ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಜೊತೆಯ ನಾಯಿಗಿಂತ ಕಾಲು ಭಾಗ ಕಡಿಮೆ ತಿಂದವು ಹೆಚ್ಚುಕಡಿಮೆ 1.8 ವರ್ಷ ಜಾಸ್ತಿ ಬದುಕಿದವು, ಕೀಲುನೋವಿನ ಔಷಧಿಯೂ ಅವಕ್ಕೆ ತಡವಾಗಿ ಬೇಕಾಯಿತು. ಈಗ ತಿಂಗಳಿಗೊಮ್ಮೆ ಸುಮ್ಮನೆ ತೂಕ ಹಾಕಿಸಲು ಹೋಗುತ್ತೇವೆ. ಫೀಸು ತಗೊಳ್ಳೋದಿಲ್ಲ. ನಾಲ್ಕು ಕಿಲೋ ಇಳಿದಿದೆ.

ಸದ್ಯಕ್ಕೆ ಚುಕ್ಕಿಯ ಹಲ್ಲಿನ ಕೆಲಸ ಬಾಕಿ ಇದೆ. ಅರಿವಳಿಕೆ ಇಲ್ಲದೆ ಮೇಲೆ ಮೇಲೆ ಕೆರೆದು ಕೊಡುತ್ತೇವೆ ಅನ್ನೋರು ಎಲ್ಲರಿಗಿಂತ ಅಗ್ಗ, ಆದರೆ ರೋಗ ಇರೋದು ಒಸಡಿನ ಕೆಳಗೆ, ಅಲ್ಲಿಗೆ ಅವರ ಕೈ ಹೋಗೋದೇ ಇಲ್ಲ. ದೊಡ್ಡಾಸ್ಪತ್ರೆಯಲ್ಲಿ ಮುಂದಿನ ವಾರವೇ ಆಗುತ್ತದೆ. ಕಾಲೇಜಿನಲ್ಲಿ ಎರಡು ತಿಂಗಳು ಬಿಟ್ಟು ತಾರೀಕು ಕೊಟ್ಟಿದ್ದಾರೆ. ಹಲ್ಲು ಅಷ್ಟು ದಿನ ತಡೆಯುತ್ತಾ ಅಂತ ನಮ್ಮ ಡಾಕ್ಟರನ್ನೇ ಕೇಳಿದೆ, ತಡೆಯುತ್ತೆ, ಅಲ್ಲಿವರೆಗೆ ದಿನಾ ಬ್ರಷ್ ಮಾಡಿ, ನಿಮ್ಮ ಪೇಸ್ಟು ಮಾತ್ರ ಬೇಡ, ಅದರಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿಕಾರಕ ಇದ್ದರೆ ನಾಯಿಗೆ ವಿಷ ಅಂದರು. ನಾಯಿ ಪೇಸ್ಟು ತಂದಿದ್ದೇನೆ. ಚುಕ್ಕಿ ಪೇಸ್ಟನ್ನು ನೆಕ್ಕಿ ಮುಗಿಸಿ ಬ್ರಷ್ಷನ್ನು ಕಚ್ಚಿಕೊಂಡು ಓಡುತ್ತಾಳೆ. ಇದು ಮೂರನೇ ಬ್ರಷ್ಷು.